ಕಿವಿಯ ಕೋಟೆಗೆ ಲಗ್ಗೆ

ಇಂಗ್ಲಿಷಿನ ‘ಅಸೇಲ್’ ಎಂಬ ಕ್ರಿಯಾಪದದ ಬಗ್ಗೆ ಇವತ್ತು ನಾಲ್ಕು ಮಾತು. ಮೇಲೆ ಬೀಳು, ದಾಳಿ ಮಾಡು ಎಂಬುದು ಅದರ ನಿಘಂಟಿನ ಅರ್ಥ. ಮೂಲ ಲ್ಯಾಟಿನ್ನಿನ ‘ಸಲೀರೆ’, ಅಂದರೆ ನೆಗೆಯುವುದು. ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ‘ಅಸಾಲ್ಟ್’ ಅದರ ಒಡಹುಟ್ಟು. ‘ಇನ್ಸಲ್ಟ್’ ಕೂಡ ಅದೇ ಬಳ್ಳಿಯದು. ಅವಮಾನ ಮಾಡುವುದೂ ಮೇಲೆ ಹಾರಿ ಬೀಳುವುದೇ ತಾನೆ!

‘ಅಸಾಲ್ಟ್’ ಕೋರ್ಟು, ಠಾಣೆಗಳ ಮಾತಾಯಿತು. ‘ಅಸೇಲ್’ ಮಾತ್ರ ಸಾಹಿತ್ಯದಲ್ಲಿ ನೆಲೆಯೂರಿ, ಮೈಗಿಂತ ಹೆಚ್ಚಾಗಿ ಮನಸ್ಸಿನ ಮೇಲೆ ನಡೆಯುವ ದಾಳಿಗೆ ಒದಗಿತು. ಸಂಶಯ, ಭಯ, ನೆನಪು, ಕಡೆಗೆ ದುರ್ವಾಸನೆಯೂ ಇಂಗ್ಲಿಷಿನಲ್ಲಿ ‘ಅಸೇಲ್’ ಮಾಡುತ್ತವೆ. ಒಂದೇ ಏಟಿಗೆ ಮುಗಿಯದೆ ಮೇಲಿಂದ ಮೇಲೆ ಬಂದು ಅಪ್ಪಳಿಸುವ ಗುಣ ಈ ಪದಕ್ಕಿದೆ.

ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಮೊದಲ ದೃಶ್ಯವನ್ನೇ ನೋಡಿ. ಎಲ್ಸಿನೋರ್ ಕೋಟೆ, ನಡುರಾತ್ರಿಯ ಕಾವಲು. ಸತ್ತ ರಾಜನ ಪ್ರೇತವನ್ನು ಕಾವಲುಗಾರರು ಎರಡು ರಾತ್ರಿ ಕಂಡಿದ್ದಾರೆ. ಓದಿಕೊಂಡವನಾದ ಹೊರೇಷಿಯೋ ನಂಬಲೊಲ್ಲ. ಆಗ ಕಾವಲುಗಾರರಲ್ಲೊಬ್ಬನಾದ ಬರ್ನಾರ್ಡೋ ಈ ಪದ ಬಳಸುತ್ತಾನೆ: ಕೇಳುವವನ ಕಿವಿಗಳು ಕೋಟೆ ಕಟ್ಟಿಕೊಂಡು ಕೂತಿವೆ, ಅವುಗಳಿಗೆ ಇನ್ನೊಮ್ಮೆ ಲಗ್ಗೆಯಿಡಬೇಕು ಎಂಬ ಭಾವ. ಸೈನಿಕನ ಬಾಯಿಗೆ ಎಷ್ಟು ಒಪ್ಪುವ ಮಾತು! ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ರಾಜನನ್ನು ಕೊಂದದ್ದು ಮಲಗಿದ್ದಾಗ ಕಿವಿಗೆ ಹೊಯ್ದ ವಿಷ ಎಂದು ಅದೇ ಅಂಕದಲ್ಲಿ ಮುಂದೆ ಪ್ರೇತವೇ ಹೇಳುತ್ತದೆ. ಕಿವಿಯ ಮೇಲಿನ ದಾಳಿ ನಾಟಕದ ಬಾಗಿಲಲ್ಲೇ ಕಾಣಿಸಿಕೊಂಡದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಷೇಕ್ಸ್‌ಪಿಯರನದೇ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ‘ಅಸೇಲ್’ ಪದದ ನಿಷೇಧರೂಪ ಬರುತ್ತದೆ: ‘ಅನ್‌ಅಸೇಲಬಲ್’, ಯಾರೂ ಮುಟ್ಟಲಾಗದವನು. 1599ರಲ್ಲಿ ಲಂಡನ್ನಿನ ರಂಗದ ಮೇಲೆ ಬಂದಿದ್ದ ನಾಟಕವಿದು. ಗಡೀಪಾರಾದವನೊಬ್ಬನಿಗೆ ಕ್ಷಮೆ ಬೇಡಿ ಸೆನೆಟರುಗಳು ಸುತ್ತುವರಿದಿದ್ದಾರೆ. ಸೀಸರ್ ತನ್ನನ್ನು ಧ್ರುವನಕ್ಷತ್ರಕ್ಕೆ ಹೋಲಿಸಿಕೊಂಡು, ತಾನೊಬ್ಬನೇ ಅಂಥವನು ಎನ್ನುತ್ತಾನೆ. ಕೆಲವೇ ಸಾಲುಗಳ ಬಳಿಕ ಸಂಚುಗಾರ ಕ್ಯಾಸ್ಕನ ಮೊದಲ ಇರಿತ ಬೀಳುತ್ತದೆ.

ಅನುವಾದ ಮಾಡುವವರು ‘ಅಸೇಲ್’ ಪದವನ್ನು ‘ಹಲ್ಲೆ’ ಎಂದು ಬರೆದರೆ ಮೈಗೆ ಬಿದ್ದ ಪೆಟ್ಟಷ್ಟೇ ಉಳಿಯುತ್ತದೆ. ನಮ್ಮಲ್ಲಿ ‘ಮುತ್ತು’ ಎಂಬ ಒಳ್ಳೆಯ ಕ್ರಿಯಾಪದವಿದೆ. ಸೇನೆ ಕೋಟೆಯನ್ನು ಮುತ್ತುತ್ತದೆ, ನೊಣ ಬೆಲ್ಲವನ್ನು ಮುತ್ತುತ್ತದೆ, ಚಿಂತೆ ಮನಸ್ಸನ್ನು ಮುತ್ತುತ್ತದೆ. ಹಠಾತ್ತನೆ ಬೀಳುವ ವೇಗವೇ ಮುಖ್ಯವಾದ ಕಡೆ ‘ಎರಗು’ ಸೊಗಸು. ಬರ್ನಾರ್ಡೋನ ಮಾತಿಗಾದರೆ, ಕೋಟೆಯ ಚಿತ್ರ ಅಲ್ಲೇ ಇರುವುದರಿಂದ, ನಾನು ‘ಲಗ್ಗೆ’ಯನ್ನೇ ಆರಿಸುತ್ತೇನೆ.