ಸೈಕಲ್ ಚಾಂಪಿಯನ್‌ಗೆ ಇನ್ನೊಂದು ದಾರಿ

ಇಲ್ಲಿ ಕೂತಿರೋರಲ್ಲಿ ಅರ್ಧ ಜನ ಡೊಂಬಿವಲಿ, ಕಲ್ಯಾಣದಿಂದ ಲೋಕಲ್ ಹಿಡಿದು ಠಾಣೆಗೋ ಐರೋಲಿಗೋ ಕೆಲಸಕ್ಕೆ ಹೋಗೋರು. ನಾನೂ ಅವರಲ್ಲೊಬ್ಬ. ಅದಕ್ಕೇ ನನ್ನ ಪ್ರಶ್ನೆ ನೌಕರಿಯ ಬಗ್ಗೆನೇ ಇದೆ. ಒಬ್ಬ ಸೈಕ್ಲಿಂಗ್ ಚಾಂಪಿಯನ್ ಸೈಕ್ಲಿಂಗ್‌ಗೆ ಬರದೇ ಇದ್ದಿದ್ದರೆ ಏನಾಗ್ತಿದ್ದರು?

ಬೆಂಗಳೂರಿನ ನವೀನ್ ಜಾನ್ ಅವರನ್ನೇ ತಗೊಳ್ಳಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವರು. ಸೈಕಲ್ ರೇಸಿನ ಹುಚ್ಚು ಹತ್ತಿದ್ದೂ ಅಲ್ಲೇ. 2014ರಲ್ಲಿ ಟೈಮ್ ಟ್ರಯಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅರವಿಂದ್ ಪನ್ವಾರ್ ಮತ್ತು ಅವರು ಭಾರತದ ಪರವಾಗಿ ಇಳಿದರು. ಟೈಮ್ ಟ್ರಯಲ್ ಅಂದರೆ ಗುಂಪಿಲ್ಲ, ಮುಂದೆ ಗಾಳಿ ತಡೆಯೋಕೆ ಯಾರೂ ಇಲ್ಲ. ಒಬ್ಬರೇ ಗಡಿಯಾರದ ವಿರುದ್ಧ ಓಡಿಸಬೇಕು. ಇವರು ಸೈಕಲ್ ಹತ್ತದೇ ಇದ್ದಿದ್ದರೆ? ಊಹಿಸೋದು ಕಷ್ಟವಿಲ್ಲ. ನಮ್ಮ ಹಾಗೆ ಯಾವುದೋ ಕಂಪನಿಯಲ್ಲಿ ಬ್ಯಾಡ್ಜ್ ನೇತುಹಾಕಿಕೊಂಡು ಓಡಾಡ್ತಿದ್ದರು.

ಸ್ಲೊವೇನಿಯಾದ ಪ್ರಿಮೋಝ್ ರೋಗ್ಲಿಚ್ ಮೊದಲು ಸ್ಕೀ ಜಂಪರ್. 2007ರಲ್ಲಿ ಜೂನಿಯರ್ ವಿಶ್ವ ಸ್ಪರ್ಧೆಯಲ್ಲಿ ತಂಡದ ಚಿನ್ನ ಗೆದ್ದ ಹುಡುಗ. ಆಮೇಲೆ ಸೈಕಲ್‌ಗೆ ಬಂದು ಟೋಕಿಯೋ ಒಲಿಂಪಿಕ್ಸ್‌ನ ಟೈಮ್ ಟ್ರಯಲ್ ಚಿನ್ನ ತಗೊಂಡರು.

ಅದೇ ಒಲಿಂಪಿಕ್ಸ್‌ನಲ್ಲಿ, 2021ರ ಜುಲೈ 25ರಂದು, ಮಹಿಳೆಯರ ರೋಡ್ ರೇಸ್ ಗೆದ್ದವರು ಆಸ್ಟ್ರಿಯಾದ ಆನ್ನಾ ಕೀಸೆನ್‌ಹೋಫರ್. ಗಣಿತದಲ್ಲಿ ಪಿಎಚ್‌ಡಿ ಮಾಡಿದವರು. ಆಗ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಸಂಶೋಧನೆ ಮಾಡ್ತಾ, ಪಾಠ ಮಾಡ್ತಾ ಇದ್ದರು. ಯಾವ ವೃತ್ತಿಪರ ತಂಡದ ಒಪ್ಪಂದವೂ ಇರಲಿಲ್ಲ. 137 ಕಿಲೋಮೀಟರ್ ರೇಸಿನಲ್ಲಿ ಶುರುವಿನಿಂದಲೇ ಮುಂದೆ ನುಗ್ಗಿದರು. ಒಲಿಂಪಿಕ್ಸ್ ರೇಸಿನಲ್ಲಿ ಸವಾರರ ಕಿವಿಗೆ ರೇಡಿಯೋ ಇಲ್ಲ. ಹಾಗಾಗಿ ಎರಡನೇ ಸ್ಥಾನಕ್ಕೆ ಬಂದ ಡಚ್ ಸವಾರ್ತಿ ಫಾನ್ ಫ್ಲೂಟೆನ್, ತಾನೇ ಗೆದ್ದೆ ಅಂತ ಕೈ ಎತ್ತಿ ಸಂಭ್ರಮಿಸಿಬಿಟ್ಟರು. ಆನ್ನಾ ಒಂದು ನಿಮಿಷಕ್ಕೂ ಮೊದಲೇ ಗೆರೆ ದಾಟಿ ಆಗಿತ್ತು!

ಈ ಮೂವರ ಕಥೆ ಕೇಳೋಕೆ ಚೆಂದ. ಆದರೆ ನವೀನ್ ಹತ್ತಿರ, ಆನ್ನಾ ಹತ್ತಿರ ಒಂದು ಡಿಗ್ರಿ ಇತ್ತು. ರೇಸು ಕೈ ಕೊಟ್ಟಿದ್ದರೂ ಊಟಕ್ಕೆ ತೊಂದರೆ ಇರಲಿಲ್ಲ. ರೋಗ್ಲಿಚ್ ಬೆಳೆದದ್ದು ಒಂದು ಆಟ ಬಿಟ್ಟವನನ್ನ ಇನ್ನೊಂದು ಆಟ ಎತ್ತಿಕೊಳ್ಳುವ ದೇಶದಲ್ಲಿ. ‘ಇನ್ನೊಂದು ದಾರಿ’ ಅನ್ನೋದು ಅವರಿಗೆ ನಿಜವಾಗಿಯೂ ಇತ್ತು.

ಈಗ ನಮ್ಮ ಕಡೆ ಬರೋಣ. ಕಲ್ಯಾಣದಿಂದ ರಾತ್ರಿ ಗದಗ ಕಡೆಯ ಗಾಡಿ ಹತ್ತಿದರೆ ಸೊಲ್ಲಾಪುರ ದಾಟಿ ವಿಜಯಪುರ, ಬಾಗಲಕೋಟೆ ಸಿಗುತ್ತವೆ. ಕರ್ನಾಟಕದ ಸೈಕ್ಲಿಂಗ್ ಅಂದರೆ ಬಹುಪಾಲು ಇವೆರಡೇ ಜಿಲ್ಲೆ. ವಿಜಯಪುರದಲ್ಲಿ ಸೈಕ್ಲಿಂಗ್ ಕಲಿಸುವ ಸರ್ಕಾರಿ ಕ್ರೀಡಾನಿಲಯ ಇದೆ. ಉದ್ದ, ಸಪಾಟು ರಸ್ತೆ. ಬಿಸಿಲು, ಎದುರುಗಾಳಿ. ಅಲ್ಲಿಯ ವೆಲೋಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆದರೂ ಹುಡುಗರು, ಹುಡುಗಿಯರು ರಸ್ತೆ ಮೇಲೇ ಪದಕ ತಂದಿದ್ದಾರೆ. ಹೆಚ್ಚಿನವರು ರೈತರ, ಕೂಲಿಕಾರರ ಮನೆಯವರು. ಒಂದು ಒಳ್ಳೆ ರೇಸ್ ಸೈಕಲ್ಲಿಗೆ ಲಕ್ಷಗಟ್ಟಲೆ ರೂಪಾಯಿ.

ಇವರಿಗೆ ‘ಸೈಕಲ್ ಇಲ್ಲದಿದ್ದರೆ ಏನಾಗ್ತಿದ್ದೆ?’ ಅಂತ ಕೇಳೋದೇ ತಪ್ಪು ಪ್ರಶ್ನೆ. ಸೈಕಲ್ಲೇ ಅವರ ಇನ್ನೊಂದು ದಾರಿ. ಆ ದಾರಿಯ ಕೊನೆಗೆ ಕಾಣೋದು ಟೂರ್ ಡಿ ಫ್ರಾನ್ಸ್ ಅಲ್ಲ, ರೈಲ್ವೆ. ಸ್ಪೋರ್ಟ್ಸ್ ಕೋಟಾ. ಇದನ್ನ ನಾನು ಕೀಳಾಗಿ ಹೇಳ್ತಿಲ್ಲ. ಕಲ್ಯಾಣದಂಥ ರೈಲ್ವೆ ಊರಲ್ಲಿ ನಿಂತು ಹಾಗೆ ಹೇಳೋಕೂ ಆಗಲ್ಲ. ಆ ಒಂದು ನೌಕರಿಯಿಂದ ತಂಗಿಯ ಓದು, ಅಪ್ಪನ ಸಾಲ, ಮನೆಯ ಸೂರು ಎಲ್ಲ ನಡೆಯುತ್ತೆ. ಧೋನಿ ಕೂಡ ಖರಗ್‌ಪುರದಲ್ಲಿ ಟಿಕೆಟ್ ತಪಾಸಣೆ ಮಾಡಿದವರೇ. ಆದರೆ ಅವರು ಆ ಕೆಲಸ ಬಿಟ್ಟು ಹೋಗೋಕೆ ಎದುರಿಗೆ ಕ್ರಿಕೆಟ್ ಇತ್ತು. ಸೈಕಲ್‌ನವರ ಎದುರಿಗೆ ಐಪಿಎಲ್ ಇಲ್ಲ.

ಹಾಗಾಗಿ ನಾನು ಊಹಿಸೋಕೆ ಇಷ್ಟಪಡೋದು ಬೇರೆ. ವಿಜಯಪುರದ ಒಬ್ಬ ಹುಡುಗಿ ಅಂದ್ಕೊಳ್ಳಿ. ಹನ್ನೆರಡನೇ ವಯಸ್ಸಿಗೆ ಕ್ರೀಡಾನಿಲಯ, ಇಪ್ಪತ್ತಕ್ಕೆ ರಾಷ್ಟ್ರೀಯ ಪದಕ, ಇಪ್ಪತ್ತೆರಡಕ್ಕೆ ರೈಲ್ವೆ. ಶಿಬಿರಕ್ಕೆ, ಸ್ಪರ್ಧೆಗೆ ರಜೆ ಸಿಗುತ್ತೆ. ಮೂವತ್ತಕ್ಕೆ ಕಾಲು ಸೋಲುತ್ತೆ. ಆಮೇಲೆ ಪೂರ್ತಿ ಹೊತ್ತು ಕೌಂಟರ್. ಹದಿನೆಂಟು ವರ್ಷ ಆಕೆ ಕಲಿತದ್ದು ಎಲ್ಲಿ ಹೋಯಿತು?

ಏನು ಕಲಿತಿದ್ದಳು ಅಂತ ಒಂದು ಲೆಕ್ಕ ನೋಡಿ. ಸಪಾಟು ರಸ್ತೆಯಲ್ಲಿ ಸವಾರನ ಶಕ್ತಿಯ ಬಹುಪಾಲು ಗಾಳಿ ಸೀಳೋದಕ್ಕೇ ಹೋಗುತ್ತೆ. ಅದಕ್ಕೆ ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತೆ. ಗಂಟೆಗೆ 40 ಕಿಲೋಮೀಟರ್ ಇದ್ದದ್ದು 44 ಆಗಬೇಕಾದರೆ, ಹತ್ತು ಪರ್ಸೆಂಟ್ ಅಲ್ಲ, ಹತ್ತಿರ ಹತ್ತಿರ 33 ಪರ್ಸೆಂಟ್ ಜಾಸ್ತಿ ಶಕ್ತಿ ಬೇಕು. ಅದಕ್ಕೇ ಕಾಲಿನ ಬಲಕ್ಕಿಂತ ಬೆನ್ನು ಎಷ್ಟು ಬಗ್ಗಿದೆ, ಮೊಣಕೈ ಎಲ್ಲಿದೆ ಅನ್ನೋದು ಕೆಲವೊಮ್ಮೆ ಹೆಚ್ಚು ಕೆಲಸ ಮಾಡುತ್ತೆ. ನನಗೆ ಈ ಸೂತ್ರ ಎಂಟೆಕ್ ಪುಸ್ತಕದಲ್ಲಿ ಗೊತ್ತು. ಆ ಹುಡುಗಿಗೆ ಇದು ಬೆನ್ನಲ್ಲಿ, ತೊಡೆಯಲ್ಲಿ ಗೊತ್ತು. ಆಕೆಗೆ ಯಾರೂ ಸೂತ್ರ ತೋರಿಸಿಲ್ಲ, ಅಷ್ಟೇ.

ತೋರಿಸಿದರೆ? ಪೆಡಲಿನಲ್ಲಿ ಕೂರಿಸೋ ಪವರ್ ಮೀಟರ್ ಪ್ರತಿ ಸೆಕೆಂಡಿಗೂ ವ್ಯಾಟ್ ಲೆಕ್ಕ ಬರೆಯುತ್ತೆ. ಒಂದು ಗಂಟೆಗೆ 3,600 ಸಾಲು. ಅದನ್ನ ಓದೋಕೆ ಸ್ಪ್ರೆಡ್‌ಶೀಟ್ ಸಾಕು, ನನ್ನಂಥ ಇಂಜಿನಿಯರ್ ಬೇಕಿಲ್ಲ. ಜೊತೆಗೆ ಪಟಿಯಾಲದ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾ ಮಾಡಬಹುದು. ಸವಾರರ ಮೈಗೆ ತಕ್ಕ ಹಾಗೆ ಸೀಟು, ಹ್ಯಾಂಡಲ್ ಹೊಂದಿಸಿ ಕೊಡೋ ಕೆಲಸ ಕಲಿಯಬಹುದು. ನವಿ ಮುಂಬೈಯ ಪಾಮ್ ಬೀಚ್ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ದುಬಾರಿ ಸೈಕಲ್ ಓಡಿಸೋರನ್ನ ನೋಡಿ. ಆಮೇಲೆ ಸೊಂಟ ಹಿಡಿದುಕೊಂಡು ಓಡಾಡೋರೂ ಅವರೇ. ಈ ಕೆಲಸಕ್ಕೆ ಗಿರಾಕಿ ಇದ್ದಾರೆ.

ಮೂವತ್ತಾದ ಮೇಲೆ ಇದನ್ನೆಲ್ಲ ಶುರು ಮಾಡೋದು ಕಷ್ಟ. ಹದಿನಾರಕ್ಕೆ, ಕ್ರೀಡಾನಿಲಯದಲ್ಲೇ ಶುರುವಾಗಬೇಕು. ಬೆಳಿಗ್ಗೆ ರಸ್ತೆ, ಮಧ್ಯಾಹ್ನ ಶಾಲೆ, ವಾರಕ್ಕೆರಡು ಸಂಜೆ ಚೈನು-ಗೇರಿನ ರಿಪೇರಿ, ಲೆಕ್ಕ, ಕಂಪ್ಯೂಟರ್. ‘ಓದಿಗೆ ಬಿಟ್ಟರೆ ಗಮನ ಚದುರುತ್ತೆ’ ಅಂತ ತರಬೇತಿದಾರರು ಹೇಳ್ತಾರೆ. ಆ ಭಯ ಸುಳ್ಳಲ್ಲ, ಸುಸ್ತಾದ ಮೈಗೆ ನಿದ್ದೆ ಬೇಕೇ ಬೇಕು. ಆದರೆ ಆನ್ನಾ ತನ್ನ ತರಬೇತಿಯ ಯೋಜನೆ ತಾನೇ ಹಾಕಿಕೊಂಡು ಒಲಿಂಪಿಕ್ಸ್ ಗೆದ್ದರು. ಓದು ಅವರ ಗಮನ ಕೆಡಿಸಲಿಲ್ಲ.

ನಮ್ಮಲ್ಲಿ ಆಡ್ಸ್, ಎಕ್ಸೆಲ್, ಇಂಗ್ಲಿಷ್ ಗೊತ್ತಿರೋರು ಬೇಕಾದಷ್ಟು ಜನ ಇದ್ದೀರಿ. ಊರಿಗೆ ಹೋದಾಗ ಜಾತ್ರೆ, ಮದುವೆ ಮುಗಿಸಿ ಒಂದು ದಿನ ಜಾಸ್ತಿ ಉಳಿಯಿರಿ. ಹತ್ತಿರದ ಕ್ರೀಡಾನಿಲಯದ ಬಾಗಿಲು ತಟ್ಟಿ, ‘ನಾನು ಎರಡು ತಾಸು ಲೆಕ್ಕ ಹೇಳಿಕೊಡ್ತೀನಿ’ ಅಂತ ಕೇಳಿ. ಬೇಡ ಅಂದರೆ ಮುಂದಿನ ಸಲ ಮತ್ತೆ ಕೇಳಿ.

ಇಷ್ಟೇ ನನ್ನ ಮಾತು.