ಮಕ್ಕಳ ಹೆಜ್ಜೆ ಮತ್ತು ಗುಡ್ಡದ ಹುಲ್ಲು



ರಜೆಗೆಂದು ಊರಿಗೆ ಬಂದ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯರ ಮಕ್ಕಳೆಲ್ಲ ಒಂದು ದಿನ ಹಿರಿಯರೊಡನೆ ಕುದುರೆಮುಖದಲ್ಲಿ ಚಾರಣ ಮಾಡುವುದು ಸಂತೋಷದ ಸಂಗತಿ. 1987ರಲ್ಲಿ ಘೋಷಣೆಯಾದ ಈ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದೇ ನಡೆಯಬೇಕು. ತಂಡದ ಅತಿ ಕಿರಿಯ ಮಗುವಿನ ನಡಿಗೆಯೇ ಎಲ್ಲರ ನಡಿಗೆಯಾಗಲಿ.

ಕಣಿವೆಗಳಲ್ಲಿ ಶೋಲಾ ಕಾಡು, ಅದರ ಮೇಲೆ ಹುಲ್ಲುಗಾವಲು. 'ಇಲ್ಲೇಕೆ ಮರಗಳಿಲ್ಲ?' ಎಂದು ಮಕ್ಕಳು ಕೇಳಿದರೆ, ಅದು ಬರಡು ನೆಲವಲ್ಲವೆಂದು ತಿಳಿಸಬೇಕು. ಹುಲ್ಲಿನ ಬೇರುಗಳು ಮಣ್ಣನ್ನು ಬಿಗಿಹಿಡಿದು ಮಳೆನೀರನ್ನು ಇಂಗಿಸುತ್ತವೆ. ತುಂಗಾ, ಭದ್ರಾ, ನೇತ್ರಾವತಿಯರು ಹುಟ್ಟುವುದು ಈ ಗಿರಿಶ್ರೇಣಿಯಲ್ಲಿಯೇ.

ಜಾಡು ಬಿಟ್ಟು ಅಡ್ಡ ಹಾಯುವ ಪಾದಗಳು ಹುಲ್ಲನ್ನು ಸವೆಸುತ್ತವೆ. ಬರಿದಾದ ನೆಲವನ್ನು ಮುಂಗಾರಿನ ನೀರು ಕೊರೆಯುತ್ತದೆ. ಕೊಚ್ಚಿಹೋದ ಮಣ್ಣು ಹಳ್ಳ ಸೇರಿ ಕೆಳಗಿನ ಗದ್ದೆಗಳತ್ತ ಹರಿಯುತ್ತದೆ.

ಇದೇ ಗುಡ್ಡಗಳಲ್ಲಿ ದಶಕಗಳ ಕಾಲ ನಡೆದ ಕಬ್ಬಿಣದ ಅದಿರಿನ ಗಣಿಗಾರಿಕೆಯು ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಗಣಿಯನ್ನು ನಿಲ್ಲಿಸಲು ನ್ಯಾಯಾಲಯವೇ ಬೇಕಾಯಿತು. ಹುಲ್ಲನ್ನು ಉಳಿಸಲು, 'ಅಣ್ಣ ಹೋದ ಜಾಡಿನಲ್ಲೇ ಬಾ, ಪುಟ್ಟಿ' ಎಂಬ ಮನೆಯವರ ಒಂದು ಮಾತು ಸಾಕು. ಆ ಮಾತನ್ನು ಆಡುವ ಹಿರಿಯರು ತಾವೂ ಜಾಡಿನಲ್ಲೇ ನಡೆಯಲಿ.