ಅಂತಿಮ ಪಂದ್ಯದ ಹಿಂದಿನ ಸಂಜೆ



ಪಂದ್ಯಾವಳಿಯ ಕೊನೆಯ ಪಂದ್ಯಕ್ಕೆ ಹಿಂದಿನ ಸಂಜೆಗೆ ತನ್ನದೇ ಆದ ಒಂದು ಸೊಗಸುಂಟು. ಗೆಲವೂ ಸೋಲೂ ಆಗ ಇನ್ನೂ ಯಾರ ಪಾಲಿಗೂ ಬಂದಿರುವುದಿಲ್ಲ. ಮರುದಿನ ಫಲಿತಾಂಶ ತಿಳಿದ ಮೇಲೆ ನಾವೆಲ್ಲರೂ ಜಾಣರಾಗುತ್ತೇವೆ. "ಹೀಗೆಯೇ ಆಗುವುದೆಂದು ನನಗೆ ಮೊದಲೇ ಗೊತ್ತಿತ್ತು" ಎನ್ನದಿರುವವರು ಅಪರೂಪ. ಹಿಂದಿನ ಸಂಜೆಯಲ್ಲಾದರೋ ನಾವು ಆಟವನ್ನೇ ಕುರಿತು ಯೋಚಿಸಬೇಕಾಗುತ್ತದೆ. ಇಬ್ಬರ ಬಲವೇನು, ಕೊರತೆಯೇನು, ಒಬ್ಬರ ಬಲವು ಇನ್ನೊಬ್ಬರ ಬಲವನ್ನು ಎಲ್ಲಿ ಸಂಧಿಸುತ್ತದೆ ಎಂಬ ವಿಚಾರಕ್ಕೆ ಅದೇ ತಕ್ಕ ಸಮಯ. ಆಡುವ ಇಬ್ಬರ ಮಾರ್ಗಗಳು ಪರಸ್ಪರ ವಿರುದ್ಧವಾಗಿದ್ದರೆ ಈ ವಿಚಾರದ ರುಚಿ ಇಮ್ಮಡಿಯಾಗುತ್ತದೆ.

ಅಂತಹ ಒಂದು ಸಂಜೆಗೆ ತಮ್ಮನ್ನು ಕರೆದೊಯ್ಯುವುದು ಈ ಭಾಷಣದ ಉದ್ದೇಶ. ಅದು ೧೯೮೫ನೆಯ ಇಸವಿ ಜೂನ್ ೭ನೆಯ ತಾರೀಖು, ಶುಕ್ರವಾರ. ಸ್ಥಳ, ಪ್ಯಾರಿಸ್ ನಗರದ ರೊಲಾಂ ಗ್ಯಾರೊ ಕ್ರೀಡಾಂಗಣ. ಮರುದಿನ ಅಲ್ಲಿ ಫ್ರೆಂಚ್ ಪಂದ್ಯಾವಳಿಯ ಸ್ತ್ರೀಯರ ಅಂತಿಮ ಪಂದ್ಯ ನಡೆಯುವುದಿತ್ತು. ಕ್ರಿಸ್ ಎವರ್ಟ್ ಮತ್ತು ಮಾರ್ಟಿನಾ ನವ್ರಾಟಿಲೋವಾ ಎದುರುಬದುರಾಗುವವರಿದ್ದರು. ಫಲಿತಾಂಶವನ್ನು ಬಲ್ಲವರು ದಯಮಾಡಿ ಕೆಲವು ನಿಮಿಷಗಳ ಕಾಲ ಅದನ್ನು ಮರೆತಿರಬೇಕೆಂದು ಪ್ರಾರ್ಥನೆ.

ಮೊದಲು ಇವರ ವೃತ್ತಿಯ ವಿಷಯವಾಗಿ ಎರಡು ಮಾತು. ಸ್ತ್ರೀಯರು ಟೆನಿಸ್ ಆಟವನ್ನೇ ಜೀವನೋಪಾಯವಾಗಿ ಮಾಡಿಕೊಳ್ಳುವುದು ಬಹುಕಾಲದ ವಾಡಿಕೆಯಲ್ಲ. ೧೯೬೮ರವರೆಗೆ ದೊಡ್ಡ ಪಂದ್ಯಾವಳಿಗಳ ಬಾಗಿಲು ಹಣಕ್ಕಾಗಿ ಆಡುವವರಿಗೆ ಮುಚ್ಚಿತ್ತು. ಬಾಗಿಲು ತೆರೆದ ಮೇಲೂ ಹಣದ ಹಂಚಿಕೆ ನ್ಯಾಯವಾಗಿರಲಿಲ್ಲ. ೧೯೭೦ರಲ್ಲಿ ಲಾಸ್ ಏಂಜಲೀಸಿನ ಒಂದು ಪಂದ್ಯಾವಳಿಯಲ್ಲಿ ಗೆದ್ದ ಪುರುಷನಿಗೆ ೧೨,೫೦೦ ಡಾಲರು, ಗೆದ್ದ ಸ್ತ್ರೀಗೆ ೧,೫೦೦ ಡಾಲರು ಎಂದು ಗೊತ್ತುಮಾಡಿದ್ದರು. ಇದನ್ನು ಒಪ್ಪದೆ ಬಿಲ್ಲೀ ಜೀನ್ ಕಿಂಗ್ ಮೊದಲಾದ ಒಂಬತ್ತು ಮಂದಿ ಆಟಗಾರ್ತಿಯರು ಅದೇ ವರ್ಷ ಹ್ಯೂಸ್ಟನ್ ನಗರದಲ್ಲಿ ಗ್ಲಾಡಿಸ್ ಹೆಲ್ಡ್‌ಮನ್ ಎಂಬಾಕೆಯೊಡನೆ ಒಂದೊಂದು ಡಾಲರಿನ ಕರಾರಿಗೆ ರುಜು ಹಾಕಿ ಬೇರೆಯೇ ಆಡತೊಡಗಿದರು. ೧೯೭೩ರಲ್ಲಿ ಲಂಡನ್ನಿನಲ್ಲಿ ಸ್ತ್ರೀಯರ ಟೆನಿಸ್ ಸಂಘವು ಸ್ಥಾಪಿತವಾಯಿತು. ಆ ಒಂಬತ್ತು ಮಂದಿ ಕಡಿದ ದಾರಿಯಲ್ಲಿ ಮೊಟ್ಟಮೊದಲು ನಿರಾತಂಕವಾಗಿ ನಡೆದ ತಲೆಮಾರಿನವರು ಎವರ್ಟ್ ಮತ್ತು ನವ್ರಾಟಿಲೋವಾ. ಮೊದಲನೆಯಾಕೆ ವೃತ್ತಿಯನ್ನು ಕೈಗೊಂಡದ್ದು ೧೯೭೨ರ ಡಿಸೆಂಬರಿನಲ್ಲಿ, ತನ್ನ ಹದಿನೆಂಟನೆಯ ಹುಟ್ಟುಹಬ್ಬದ ದಿನ. ಮೂರು ತಿಂಗಳಾದ ಮೇಲೆ, ೧೯೭೩ರ ಮಾರ್ಚಿಯಲ್ಲಿ, ಒಹಾಯೋ ಪ್ರಾಂತದ ಆಕ್ರನ್ ಎಂಬ ಊರಿನಲ್ಲಿ ಇವರಿಬ್ಬರೂ ಮೊದಲ ಸಲ ಸಂಧಿಸಿದರು. ಆ ದಿನ ಗೆದ್ದವಳು ಎವರ್ಟ್.

ಈಗ ಒಬ್ಬೊಬ್ಬರನ್ನಾಗಿ ನೋಡೋಣ.

ಕ್ರಿಸ್ ಎವರ್ಟ್ ಅಮೆರಿಕಾದ ಫ್ಲಾರಿಡಾ ಪ್ರಾಂತದವಳು. ಆ ಸಂಜೆಗೆ ಮೂವತ್ತು ವರ್ಷದವಳು. ತಂದೆ ಜಿಮ್ಮಿ ಎವರ್ಟ್ ಟೆನಿಸ್ ಕಲಿಸುವ ಉಪಾಧ್ಯಾಯ. ಫೋರ್ಟ್ ಲಾಡರ್‌ಡೇಲಿನ ಸಾರ್ವಜನಿಕ ಉದ್ಯಾನವೊಂದರ ಮಣ್ಣಿನ ಅಂಗಳವೇ ಆಕೆಯ ಪಾಠಶಾಲೆ. ಎಳೆಯ ಬಾಲಿಕೆಗೆ ಒಂದು ಕೈಯಲ್ಲಿ ರ‍್ಯಾಕೆಟ್ಟನ್ನು ಬೀಸುವ ಶಕ್ತಿಯಿಲ್ಲದ್ದರಿಂದ ಎಡಗಡೆಗೆ ಬಂದ ಚೆಂಡನ್ನು ಎರಡು ಕೈಗಳಿಂದಲೂ ಹೊಡೆಯುತ್ತಿದ್ದಳು. ಬೆಳೆದಂತೆ ಆ ಅಭ್ಯಾಸ ಹೋಗಲಿಲ್ಲ, ಹೋಗದಿದ್ದುದೇ ಒಳ್ಳೆಯದಾಯಿತು. ಆ ಎರಡು ಕೈಯ ಬ್ಯಾಕ್‌ಹ್ಯಾಂಡೇ ಆಕೆಯ ಪ್ರಧಾನಾಸ್ತ್ರವಾಯಿತು. ಆಕೆ ನಿಲ್ಲುವ ಸ್ಥಳ ಅಂಗಳದ ಹಿಂದಿನ ಗೆರೆ. ಅಲ್ಲಿ ನಿಂತು ಬಂದ ಚೆಂಡನ್ನೆಲ್ಲ ಹಿಂದಿರುಗಿಸುತ್ತಾಳೆ; ಇಂದು ಒಂದು ಮೊಳ ಆಚೆಗೆ, ನಾಳೆ ಒಂದು ಮೊಳ ಈಚೆಗೆ ಎಂಬುದಿಲ್ಲ, ನೆನೆದ ಜಾಗಕ್ಕೇ ಬೀಳಿಸುತ್ತಾಳೆ. ಮುಖದಲ್ಲಿ ಹರ್ಷವೂ ಇಲ್ಲ, ಖೇದವೂ ಇಲ್ಲ. ಎದುರಾಳಿಯು ಬೇಸತ್ತೋ ಆತುರಪಟ್ಟೋ ತಪ್ಪುಮಾಡುವವರೆಗೆ ಈ ವ್ಯಾಪಾರ ನಡೆಯುತ್ತಲೇ ಇರುತ್ತದೆ. 'ನಿಧಾನವೇ ಪ್ರಧಾನ' ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರಕಲಾರದು. ೧೯೭೩ರ ಆಗಸ್ಟಿನಿಂದ ೧೯೭೯ರ ಮೇ ತಿಂಗಳವರೆಗೆ ಮಣ್ಣಿನ ಅಂಗಳದಲ್ಲಿ ಆಕೆ ಒಂದರಮೇಲೊಂದರಂತೆ ೧೨೫ ಪಂದ್ಯಗಳನ್ನು ಗೆದ್ದಳೆಂಬುದನ್ನು ನೆನೆದರೆ ಈ ನಿಧಾನದ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಮಾರ್ಟಿನಾ ನವ್ರಾಟಿಲೋವಾ ಹುಟ್ಟಿದ್ದು ೧೯೫೬ರಲ್ಲಿ, ಚೆಕೊಸ್ಲೊವಾಕಿಯಾದ ರಾಜಧಾನಿಯಾಗಿದ್ದ ಪ್ರಾಗ್ ನಗರದಲ್ಲಿ. ೧೯೭೫ರ ಸೆಪ್ಟೆಂಬರಿನಲ್ಲಿ, ಇನ್ನೂ ಹದಿನೆಂಟು ವರ್ಷದವಳಾಗಿದ್ದಾಗ, ನ್ಯೂಯಾರ್ಕಿನ ಪಂದ್ಯಾವಳಿಗೆಂದು ಬಂದವಳು ಸ್ವದೇಶಕ್ಕೆ ಹಿಂದಿರುಗದೆ ಅಮೆರಿಕಾದ ಆಶ್ರಯವನ್ನು ಬೇಡಿದಳು. ತಂದೆತಾಯಿಗಳನ್ನೂ ತಂಗಿಯನ್ನೂ ಬಿಟ್ಟು, ಮತ್ತೆ ಯಾವಾಗ ನೋಡುವೆನೆಂಬುದನ್ನೂ ಅರಿಯದೆ ಮಾಡಿದ ಸಾಹಸವದು. ಆಕೆಯ ಆಟವೂ ಅಂತಹುದೇ. ಎಡಗೈಯಿಂದ ಸರ್ವಿಸನ್ನು ಬಲವಾಗಿ ಹೊಡೆದು, ಚೆಂಡು ಆಚೆಗೆ ಬೀಳುವುದರೊಳಗಾಗಿ ತಾನು ಬಲೆಯ ಬಳಿಗೆ ಧಾವಿಸಿರುತ್ತಾಳೆ. ಹಿಂದಿರುಗಿ ಬಂದ ಚೆಂಡನ್ನು ನೆಲಕ್ಕೆ ಬೀಳಗೊಡದೆ ಗಾಳಿಯಲ್ಲಿಯೇ ಹೊಡೆದು ಮುಗಿಸುತ್ತಾಳೆ. 'ಗಾಳಿ ಬಂದಾಗ ತೂರಿಕೋ' ಎನ್ನುತ್ತೇವಷ್ಟೆ. ಈಕೆ ಗಾಳಿ ಬರಲೆಂದು ಕಾಯುವವಳಲ್ಲ, ಗಾಳಿಯನ್ನು ತಾನೇ ಎಬ್ಬಿಸುವವಳು.

ಒಬ್ಬಳು ಹಿಂದೆ ನಿಲ್ಲುವವಳು, ಒಬ್ಬಳು ಮುಂದೆ ನುಗ್ಗುವವಳು. ಒಬ್ಬಳು ಬಲಗೈಯವಳು, ಒಬ್ಬಳು ಎಡಗೈಯವಳು. ಒಬ್ಬಳು ಭಾವವನ್ನು ಬಚ್ಚಿಡುವವಳು, ಇನ್ನೊಬ್ಬಳ ಮುಖವೇ ತೆರೆದ ಪುಸ್ತಕ. ಆದರೆ ಈ ವೈದೃಶ್ಯವು ಬರಿಯ ಶೋಭೆಯಲ್ಲ, ಅದರಲ್ಲಿ ಲೆಕ್ಕಾಚಾರವಿದೆ. ಟೆನಿಸ್ ಅಂಗಳದ ಉದ್ದ ೭೮ ಅಡಿ. ಹಿಂದಿನ ಗೆರೆಯಿಂದ ಬಲೆಗೆ ೩೯ ಅಡಿ. ಬಲೆಯ ಬಳಿಗೆ ಬಂದವಳು ಎದುರಾಳಿಗೆ ಯೋಚಿಸಲು ಇರುವ ಕಾಲವನ್ನು ಕಸಿದುಕೊಳ್ಳುತ್ತಾಳೆ. ಆದರೆ ತನ್ನ ಬೆನ್ನ ಹಿಂದಿನ ೩೯ ಅಡಿ ನೆಲವನ್ನೂ ಎರಡು ಪಕ್ಕಗಳನ್ನೂ ತೆರವು ಮಾಡಿಕೊಟ್ಟಿರುತ್ತಾಳೆ. ಹಿಂದೆ ನಿಂತವಳಿಗೆ ಆ ತೆರವಿನಲ್ಲಿ ಚೆಂಡನ್ನು ಹಾಯಿಸುವ ಗುರಿಯಿದ್ದರೆ ನುಗ್ಗಿ ಬಂದವಳ ಸಾಹಸವು ವ್ಯರ್ಥ. ಎಡಗೈಯವಳು ಅಂಗಳದ ತನ್ನ ಎಡಭಾಗದಿಂದ ಹೊಡೆದ ಸರ್ವಿಸು ಬಲಗೈಯವಳ ಬ್ಯಾಕ್‌ಹ್ಯಾಂಡಿನ ಕಡೆಗೆ ಓರೆಯಾಗಿ ಜಾರಿ ಹೋಗುವುದು ಸ್ವಭಾವ. ಬೇರೆ ಯಾರಿಗಾದರೂ ಅದು ಕಷ್ಟದ ಎಡೆ. ಎವರ್ಟಳಿಗೆ ಅದೇ ಬಲದ ಎಡೆ. ಹೀಗೆ ಒಬ್ಬಳ ಅತ್ಯುತ್ತಮ ಹೊಡೆತವು ಇನ್ನೊಬ್ಬಳ ಅತ್ಯುತ್ತಮ ಹೊಡೆತವನ್ನೇ ಹುಡುಕಿಕೊಂಡು ಹೋಗುತ್ತಿತ್ತು.

ಇನ್ನು ನೆಲದ ಮಾತು. ರೊಲಾಂ ಗ್ಯಾರೊ ಎಂಬುದು ೧೯೧೩ರಲ್ಲಿ ವಿಮಾನದಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ದಾಟಿದ ಫ್ರೆಂಚ್ ವೀರನ ಹೆಸರು. ಆತನ ಹೆಸರಿನ ಈ ಕ್ರೀಡಾಂಗಣ ೧೯೨೮ರಲ್ಲಿ ಕಟ್ಟಿದ್ದು. ಅಲ್ಲಿಯ ಅಂಗಳದ ಮೇಲ್ಮೈಗೆ ಇಟ್ಟಿಗೆಯ ಕೆಂಪು ಹುಡಿಯನ್ನು ಒಂದೆರಡು ಮಿಲಿಮೀಟರು ದಪ್ಪಕ್ಕೆ ಹರಡಿರುತ್ತಾರೆ; ಅದರ ಕೆಳಗೆ ಸುಣ್ಣಕಲ್ಲಿನ ಪದರವಿದೆ. ಈ ಹುಡಿಯು ಚೆಂಡಿನ ವೇಗವನ್ನು ಹಿಡಿದು ತಗ್ಗಿಸಿ ಅದನ್ನು ಎತ್ತರಕ್ಕೆ ಪುಟಿಸುತ್ತದೆ. ವಿಂಬಲ್ಡನ್ನಿನ ಹುಲ್ಲಿನ ಮೇಲೆ ಎದುರಾಳಿಯ ಕೈಗೆ ಸಿಕ್ಕದೆ ಜಾರುವ ಚೆಂಡು ಇಲ್ಲಿ ಒಂದು ಕ್ಷಣ ತಡೆದು ನಿಲ್ಲುತ್ತದೆ. ಆ ಒಂದು ಕ್ಷಣವು ಹಿಂದೆ ನಿಲ್ಲುವವಳಿಗೆ ಸಂದ ದಾನ. ಎವರ್ಟ್ ಅದುವರೆಗೆ ಇಲ್ಲಿ ಐದು ಸಲ ಗೆದ್ದಿದ್ದಳು.

ನೆಲವೊಂದನ್ನೇ ನೋಡಿದರೆ ಎವರ್ಟಳೇ ಗೆಲ್ಲುವಳೆಂದು ಹೇಳಿ ಎದ್ದುಹೋಗಬಹುದಾಗಿತ್ತು. ಲೆಕ್ಕದ ಪುಸ್ತಕವು ಬೇರೆಯ ಕಥೆಯನ್ನು ಹೇಳುತ್ತಿತ್ತು. ೧೯೮೩ರಲ್ಲಿ ನವ್ರಾಟಿಲೋವಾ ೮೬ ಪಂದ್ಯಗಳನ್ನು ಗೆದ್ದು ಒಂದನ್ನು ಮಾತ್ರ ಸೋತಳು. ೧೯೮೪ರಲ್ಲಿ ಎಡೆಬಿಡದೆ ೭೪ ಪಂದ್ಯಗಳನ್ನು ಗೆದ್ದಳು. ಎವರ್ಟಳನ್ನಂತೂ ಸುಮಾರು ಎರಡು ವರ್ಷಗಳ ಅವಧಿಯಲ್ಲಿ ೧೩ ಸಲ ಸತತವಾಗಿ ಸೋಲಿಸಿದಳು. ಇದೇ ಕೆಂಪು ನೆಲದ ಮೇಲೆ ೧೯೮೪ರ ಅಂತಿಮ ಪಂದ್ಯದಲ್ಲಿ ೬-೩, ೬-೧ ರಿಂದ ಗೆದ್ದಿದ್ದಳು. ಹದಿಮೂರು ಸಲ ಒಬ್ಬಳ ಕೈಯಲ್ಲಿಯೇ ಸೋತವಳು, ಮೂವತ್ತು ವರ್ಷ ವಯಸ್ಸಿನವಳು, ಮತ್ತೆ ಯಾವ ಧೈರ್ಯದಿಂದ ಅಂಗಳಕ್ಕೆ ಇಳಿಯಬೇಕು? ನಿಧಾನದ ಮಾರ್ಗಕ್ಕೆ ಕಾಲ ಮುಗಿಯಿತೆ? ಆ ಸಂಜೆ ಪ್ಯಾರಿಸಿನಲ್ಲಿ ಪಣಕ್ಕಿದ್ದುದು ಒಂದು ಬಟ್ಟಲು ಮಾತ್ರವಲ್ಲ, ಈ ಪ್ರಶ್ನೆ.

ಇದಕ್ಕೆ ಉತ್ತರವನ್ನು ಹುಡುಕಬೇಕಾದರೆ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. ೧೯೮೧ರಲ್ಲಿ ಫ್ಲಾರಿಡಾದ ಅಮೀಲಿಯಾ ದ್ವೀಪದಲ್ಲಿ, ಮಣ್ಣಿನ ಅಂಗಳದ ಮೇಲೆ, ಎವರ್ಟ್ ನವ್ರಾಟಿಲೋವಾಳನ್ನು ೬-೦, ೬-೦ ರಿಂದ ಸೋಲಿಸಿದಳು. ಒಂದು ಗೇಮನ್ನೂ ಕೊಡಲಿಲ್ಲ. ಆ ಅವಮಾನದ ಮೇಲೆ ನವ್ರಾಟಿಲೋವಾ ತನ್ನ ಊಟವನ್ನೂ ವ್ಯಾಯಾಮವನ್ನೂ ಅಭ್ಯಾಸವನ್ನೂ ಆಮೂಲಾಗ್ರವಾಗಿ ತಿದ್ದಿಕೊಂಡಳು. ನ್ಯಾನ್ಸಿ ಲೀಬರ್‌ಮನ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯ ನೆರವಿನಿಂದ ಮೈಯನ್ನು ಉಕ್ಕಿನಂತೆ ಮಾಡಿಕೊಂಡಳು. ಆ ಮೇಲೆ ಬಂದ ಹದಿಮೂರು ಗೆಲವುಗಳ ಬೀಜವು ಆ ಒಂದು ಸೋಲಿನಲ್ಲಿತ್ತು. ಈಗ ಪಾಠ ಕಲಿಯುವ ಸರದಿ ಎವರ್ಟಳದು. ಆಕೆಯೂ ಭಾರ ಎತ್ತಿ ಮೈಯನ್ನು ಬಲಪಡಿಸಿಕೊಂಡಳು. ಬಾಲ್ಯದಿಂದ ಹಿಡಿದಿದ್ದ ಮರದ ರ‍್ಯಾಕೆಟ್ಟನ್ನು ಬಿಟ್ಟು ಗ್ರಾಫೈಟಿನದನ್ನು ಹಿಡಿದಳು. ಸಮಯ ಬಂದಾಗ ಹಿಂದಿನ ಗೆರೆಯನ್ನು ಬಿಟ್ಟು ಬಲೆಯ ಬಳಿಗೆ ಬರುವುದನ್ನೂ ಕಲಿತಳು. ೧೯೮೪ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅಂತಿಮ ಪಂದ್ಯದಲ್ಲಿ ಮೊದಲನೆಯ ಸೆಟ್ಟನ್ನು ಗೆದ್ದು ಕೊನೆಗೆ ಸೋತಳು. ೧೯೮೫ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಗೆದ್ದೇ ಬಿಟ್ಟಳು. ಸರಪಣಿ ಕಡಿಯಿತು.

ಆದುದರಿಂದ ಆ ಸಂಜೆ ವಿವೇಕಿಯಾದವನು ಹೀಗೆ ಹೇಳಬಹುದಾಗಿತ್ತು: ನಾಳೆ ಯಾರು ತಮ್ಮ ಮಾರ್ಗದಲ್ಲಿ ಹೆಚ್ಚು ದೃಢರು ಎಂಬುದನ್ನು ನೋಡಬೇಡಿ, ಇಬ್ಬರೂ ದೃಢರೇ. ಯಾರು ಎದುರಾಳಿಯಿಂದ ಹೆಚ್ಚು ಕಲಿತಿದ್ದಾರೆ ಎಂಬುದನ್ನು ನೋಡಿ. ಎವರ್ಟ್ ಹಿಂದಿನ ಗೆರೆಯಲ್ಲಿಯೇ ನಿಂತಿದ್ದರೆ ಸೋಲುತ್ತಾಳೆ. ನವ್ರಾಟಿಲೋವಾ ಚೆಂಡೊಂದಕ್ಕೂ ಕಾಯದೆ ನುಗ್ಗಿದರೆ ಆಕೆ ಸೋಲುತ್ತಾಳೆ.

ಇನ್ನು ಫಲಿತಾಂಶವನ್ನು ಬಚ್ಚಿಡುವುದು ನ್ಯಾಯವಲ್ಲ. ಜೂನ್ ೮ರ ಶನಿವಾರ ಎವರ್ಟ್ ಮೊದಲನೆಯ ಸೆಟ್ಟನ್ನು ೬-೩ ರಿಂದ ಗೆದ್ದಳು. ಎರಡನೆಯ ಸೆಟ್ಟು ೬-೬ ಆಗಿ, ಟೈಬ್ರೇಕಿನಲ್ಲಿ ನವ್ರಾಟಿಲೋವಾಳಿಗೆ ಸೇರಿತು. ಮೂರನೆಯದರಲ್ಲಿ ಎವರ್ಟ್ ೫-೩ ರಿಂದ ಮುಂದಿದ್ದಳು. ನವ್ರಾಟಿಲೋವಾ ೫-೫ ಕ್ಕೆ ತಂದು ನಿಲ್ಲಿಸಿದಳು. ಮುಂದಿನ ಗೇಮಿನಲ್ಲಿ ಎವರ್ಟಳ ಸರ್ವಿಸಿನಲ್ಲಿಯೇ ಅಂಕ ಸೊನ್ನೆಗೆ ನಲವತ್ತು. ಅಲ್ಲಿ ಒಂದು ಹೊಡೆತ ತಪ್ಪಿದ್ದರೆ ಹದಿಮೂರು ಸೋಲುಗಳ ನೆನಪು ಹಿಂದಿರುಗಿ ಬರುತ್ತಿತ್ತು. ಆಕೆ ತಪ್ಪಲಿಲ್ಲ, ಆ ಗೇಮನ್ನು ಉಳಿಸಿಕೊಂಡಳು. ಅದರ ಮುಂದಿನದರಲ್ಲಿ ನವ್ರಾಟಿಲೋವಾ ತನ್ನ ವಾಡಿಕೆಯಂತೆ ಬಲೆಗೆ ನುಗ್ಗಿ ಬಂದಾಗ, ಎವರ್ಟ್ ಆ ಹಳೆಯ ಎರಡು ಕೈಯ ಬ್ಯಾಕ್‌ಹ್ಯಾಂಡಿನಿಂದ ಪಕ್ಕದ ಗೆರೆಯ ಗುಂಟ ಚೆಂಡನ್ನು ಹಾಯಿಸಿ ೭-೫ ರಿಂದ ಪಂದ್ಯವನ್ನು ಮುಗಿಸಿದಳು. ಇಬ್ಬರೂ ಬಲೆಯ ಬಳಿ ಬಂದು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಮರುವರ್ಷ ಅದೇ ಅಂಗಳದಲ್ಲಿ ಮತ್ತೆ ಎವರ್ಟಳೇ ಗೆದ್ದು ಏಳನೆಯ ಸಲ ವಿಜಯಿಯಾದಳು.

ಅದೇ ೧೯೮೬ರಲ್ಲಿ ರಾಷ್ಟ್ರಗಳ ನಡುವಣ ಸ್ತ್ರೀಯರ ಪಂದ್ಯಾವಳಿಯು ಪ್ರಾಗ್ ನಗರದಲ್ಲಿ ನಡೆಯಿತು. ಹನ್ನೊಂದು ವರ್ಷಗಳ ಹಿಂದೆ ತೊರೆದ ತವರೂರಿಗೆ ನವ್ರಾಟಿಲೋವಾ ಅಮೆರಿಕಾದ ಆಟಗಾರ್ತಿಯಾಗಿ ಹಿಂದಿರುಗಿದಾಗ, ಆ ತಂಡದಲ್ಲಿ ಜೊತೆಗಿದ್ದವರಲ್ಲಿ ಕ್ರಿಸ್ ಎವರ್ಟಳೂ ಒಬ್ಬಳು.

೧೯೭೩ರಿಂದ ೧೯೮೮ರವರೆಗೆ ಇವರು ೮೦ ಸಲ ಎದುರಾದರು. ಅದರಲ್ಲಿ ೬೦ ಅಂತಿಮ ಪಂದ್ಯಗಳು. ಒಟ್ಟಿನಲ್ಲಿ ನವ್ರಾಟಿಲೋವಾ ೪೩ನ್ನೂ ಎವರ್ಟ್ ೩೭ನ್ನೂ ಗೆದ್ದರು. ನಾಲ್ಕು ಮಹಾ ಪಂದ್ಯಾವಳಿಗಳ ಏಕಾಂಗಿ ವಿಜಯಗಳನ್ನು ಎಣಿಸಿದರೆ ಇಬ್ಬರಿಗೂ ಹದಿನೆಂಟು ಹದಿನೆಂಟು. ತಕ್ಕಡಿಯ ಮುಳ್ಳು ಹೀಗೆ ನಡುವೆ ನಿಂತದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಒಬ್ಬಳು ಇಲ್ಲದಿದ್ದರೆ ಇನ್ನೊಬ್ಬಳು ಹೆಚ್ಚು ಬಟ್ಟಲುಗಳನ್ನು ಗೆಲ್ಲುತ್ತಿದ್ದಳು. ಆದರೆ ಅಷ್ಟು ಒಳ್ಳೆಯ ಆಟಗಾರ್ತಿಯಾಗುತ್ತಿರಲಿಲ್ಲ.

ಮುಂದೆ ತಾವು ಎಂದಾದರೂ ಇಂತಹ ಇಬ್ಬರ ಅಂತಿಮ ಪಂದ್ಯವನ್ನು ನೋಡಲು ಕುಳಿತಾಗ, ಯಾರ ಹೊಡೆತ ಬಲವಾದದ್ದು ಎಂದು ಮಾತ್ರ ಕೇಳಿಕೊಳ್ಳದೆ, ತನ್ನ ನೆಲೆಯಿಂದ ಒಂದು ಹೆಜ್ಜೆ ಎದುರಾಳಿಯ ಕಡೆಗೆ ಇಡಬಲ್ಲವಳು ಯಾರು ಎಂಬುದನ್ನೂ ಗಮನಿಸಿ ನೋಡಬೇಕೆಂದು ಕೋರುತ್ತೇನೆ. ಪಂದ್ಯವು ಬಹುಮಟ್ಟಿಗೆ ಆ ಒಂದು ಹೆಜ್ಜೆಯಲ್ಲಿರುತ್ತದೆ.